ಹಳೆಯ ಕಾರಿಗೆ ಹೊಸ ಸ್ಟೀರಿಯೊ

ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಮನೆಯ ಮುಂದೆ ಆ ಬಿಳಿ ಕಾರು ಬಂದು ನಿಂತಾಗ ಅದಕ್ಕೆ ಆಗಲೇ ಒಂಬತ್ತು ವರ್ಷವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಚಿಂಚವಡದ ಕಡೆಗಿನ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ತಗಡಿನ ಹಾಳೆಗಳನ್ನು ದೊಡ್ಡ ಪ್ರೆಸ್ಸುಗಳ ಕೆಳಗಿಟ್ಟು ಬಡಿದು ಗಾಡಿಗಳ ಬಿಡಿಭಾಗ ಮಾಡುವ ಕೆಲಸ. ಬೆಳಗಾವಿ ಕಡೆಯ ಊರಿನಿಂದ ಇಪ್ಪತ್ತೆರಡನೇ ವಯಸ್ಸಿಗೆ ಬಂದವನು ಅಲ್ಲೇ ಇಪ್ಪತ್ತು ವರ್ಷ ಕಳೆದಿದ್ದೆ. ಕೆಲಸಕ್ಕೆ ಹೋಗಿಬರಲು ಕಂಪನಿಯ ಬಸ್ಸಿತ್ತು. ಕಾರು ತೆಗೆದುಕೊಂಡದ್ದು ರವಿವಾರಕ್ಕೆ, ಮತ್ತೆ ವರ್ಷಕ್ಕೆರಡು ಸಲ ಊರಿಗೆ ಹೋಗುವುದಕ್ಕೆ.

ಕಾರಿನಲ್ಲಿ ಹಾಡು ಕೇಳಬೇಕೆಂಬ ಆಸೆಯೂ ಇತ್ತು. ನನಗೆ ಹಾಡಲು ಬರುವುದಿಲ್ಲ. ಆದರೆ ನನ್ನ ಕಿವಿ ಬಹಳ ಚುರುಕು ಎಂಬ ಹೆಮ್ಮೆ ಚಿಕ್ಕಂದಿನಿಂದ ಇತ್ತು. ಅವ್ವ ಬೆಳಿಗ್ಗೆ ಒಲೆಯ ಮುಂದೆ ಕೂತು ದಾಸರ ಪದ ಹೇಳುವಾಗ ಒಂದು ಸ್ವರ ಜಾರಿದರೂ ನಾನು ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಹೇಳುತ್ತಿದ್ದೆ. "ಹಾಡ್ಲಿಕ್ಕೆ ಬರಲಿಲ್ಲಂದ್ರೂ ತಪ್ಪು ಹುಡುಕ್ಲಿಕ್ಕೆ ಬರ್ತದ ನಿನಗ," ಎಂದು ಅವಳು ನಗುತ್ತಿದ್ದಳು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಮಗಳಿಗೆ ಆಗ ಹದಿನಾಲ್ಕು. ಒಬ್ಬಳೇ ಮಗಳು. ಏಳೆಂಟು ವರ್ಷದವಳಿದ್ದಾಗಿನಿಂದ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದಳು. ಸಂಜೆ ಅವಳು ತಂಬೂರಿ ಹಿಡಿದು ಕೂತರೆ ನಾನು ಎದುರಿಗೆ ಕೂರುತ್ತಿದ್ದೆ. ಮನೆಯಲ್ಲಿ ಅವಳ ಎರಡನೇ ಗುರು ನಾನೇ ಎಂದುಕೊಂಡಿದ್ದೆ.

ಕಾರಿನಲ್ಲಿ ಕಂಪನಿಯೇ ಕೂರಿಸಿದ್ದ ಟೇಪು ಇತ್ತು. ಎಡಕ್ಕೊಂದು ಬಲಕ್ಕೊಂದು ತಿರುಗಿಸುವ ಗುಂಡಿ, ನಡುವೆ ಕ್ಯಾಸೆಟ್ ತೂರಿಸುವ ಬಾಯಿ, ಹಿಂದಿನ ಗಾಜಿನ ಕೆಳಗೆ ಎರಡು ಸಣ್ಣ ಸ್ಪೀಕರು. ಮೊದಲ ರವಿವಾರ ಕಾತ್ರಜದ ಕಡೆ ಹೊರಟಾಗ ಕ್ಯಾಸೆಟ್ ಹಾಕಿದೆ. ತಬಲಾದ ಡಗ್ಗಾ ಮಾತ್ರ ಗುಂ ಗುಂ ಅನ್ನುತ್ತಿತ್ತು. ಹಾಡಿನ ಮಾತು ಒಂದೂ ತಿಳಿಯಲಿಲ್ಲ. ಹಾಡುವವರು ಬಾಯಲ್ಲಿ ಹತ್ತಿ ತುಂಬಿಕೊಂಡ ಹಾಗಿತ್ತು.

"ಈ ಟೇಪ್ ಹಾಳಾಗಿ ಹೋಗ್ಯದ," ಅಂದೆ.

"ಕೇಳಸ್ತದಲ್ರೀ, ಛಲೋ ಕೇಳಸ್ತದ," ಅಂದಳು ಹೆಂಡತಿ.

"ನಿನಗೇನ ತಿಳೀತದ," ಅಂದೆ.

ಸ್ವಾರಗೇಟಿನ ಹತ್ತಿರ ಒಂದು ಓಣಿಯಲ್ಲಿ ಕಾರಿಗೆ ಟೇಪು ಕೂರಿಸುವ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವರು ನನಗಿಂತ ಐದಾರು ವರ್ಷ ದೊಡ್ಡವರು, ಸೊಲ್ಲಾಪುರದವರು. ನಾವು ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ತಾವೂ ಕನ್ನಡಕ್ಕೆ ಬಂದರು. ಕ್ಯಾಸೆಟ್ ಹಾಕಿ ಕೇಳಿ, "ಸಾಹೇಬ್ರ, ಕಂಪನಿ ಫಿಟಿಂಗ್ ತಗೀಬ್ಯಾಡ್ರಿ. ಹೆಡ್ ಸಾಫ್ ಮಾಡಿ ಕೊಡ್ತೀನಿ, ಇನ್ನೂ ಹತ್ತು ವರ್ಷ ಹಾಡ್ತದ," ಅಂದರು. ನಾನು ಕೇಳಲಿಲ್ಲ. ಹೊಸ ಟೇಪು ಹಳೆಯ ಜಾಗದಲ್ಲಿ ಕೂರುತ್ತಿರಲಿಲ್ಲ. ಅವರು ಡ್ಯಾಶ್‌ಬೋರ್ಡನ್ನು ಕತ್ತರಿಸಿ, ಅರದಿಂದ ಉಜ್ಜಿ, ಒಂದು ಮಧ್ಯಾಹ್ನ ಪೂರ್ತಿ ಕೆಲಸ ಮಾಡಿದರು. ಅಷ್ಟಾದರೂ ಮಾತು ಸ್ಪಷ್ಟವಾಗಲಿಲ್ಲ. ಎರಡು ತಿಂಗಳ ನಂತರ ಮುಂದಿನ ಬಾಗಿಲುಗಳ ಒಳಹೊದಿಕೆಯನ್ನು ಗುಂಡಗೆ ಕತ್ತರಿಸಿ ದೊಡ್ಡ ಸ್ಪೀಕರ್ ಹಾಕಿಸಿದೆ.

ಈಗ ಸ್ವಲ್ಪ ಪರವಾಗಿಲ್ಲ ಅನಿಸಿತು. ಅದೂ ದನಿಯನ್ನು ತೆಳ್ಳಗೆ, ಹರಿತವಾಗಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುವಿದರೆ ಮಾತ್ರ. ಹೆಂಡತಿ ಪಕ್ಕದಲ್ಲಿ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂರುತ್ತಿದ್ದಳು. ಗಾಳಿಗೆ ಇರಬೇಕು ಎಂದುಕೊಂಡಿದ್ದೆ.

ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಗಳು ಒಂದು ದಾಸರ ಪದ ಹಾಡಿದಳು. ಮೈಕಿನವರು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಕೊಟ್ಟರು. ಸಭೆಯಲ್ಲಿ ನಾನು ಹಿಂದೆ ಕೂತಿದ್ದೆ, ಅವಳ ಹಾಡು ಅಷ್ಟು ಚೆನ್ನಾಗಿ ಮುಟ್ಟಲಿಲ್ಲ. ಮೈಕು ಸರಿಯಿಲ್ಲ ಎಂದುಕೊಂಡೆ. ಸಂಕ್ರಾಂತಿಗೆ ಊರಿಗೆ ಹೊರಟಾಗ, ಕಾತ್ರಜದ ಸುರಂಗ ದಾಟಿದ ಮೇಲೆ, ಆ ಕ್ಯಾಸೆಟ್ ಹಾಕಿದೆ. ಒಳ್ಳೆಯ ಸ್ಪೀಕರಿನಲ್ಲಿ ಕೇಳಿಸಿ ಅವಳ ತಪ್ಪುಗಳನ್ನು ತೋರಿಸಿಕೊಡಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದೆ.

"ಕೇಳಿಲ್ಲೆ. ತಾರ ಷಡ್ಜ, ಆ ಮ್ಯಾಲಿನ ಸಾ, ಮುಟ್ಟೇ ಇಲ್ಲ ನೀ. ಮ್ಯಾಲೆ ಹೋದಂಗ ದನೀನ ಇಲ್ಲ."

"ಮುಟ್ಟೇನಪ್ಪಾ," ಅಂದಳು ಹಿಂದಿನ ಸೀಟಿನಿಂದ. ಅವಳೇನಂದಳೆಂದು ಹೆಂಡತಿ ನನಗೆ ಹೇಳಿದಳು.

ನಾನು ಕ್ಯಾಸೆಟ್ ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದೆ. "ಮಾತು ನುಂಗತೀ. ಸ ಎಲ್ಲೆದ, ಶ ಎಲ್ಲೆದ? ಇಂಥಾ ಸ್ಪೀಕರಿನಾಗೂ ಕೇಳಸವಲ್ದಂದ್ರ ತಪ್ಪು ಯಾರದು?" ಮತ್ತೆ ಹಿಂದಕ್ಕೆ, ಮತ್ತೆ ಅದೇ ಸಾಲು. ಸಾತಾರಾ ಬರುವವರೆಗೂ ಬಿಡಲಿಲ್ಲ. ಹೆಂಡತಿ ಎರಡು ಸಲ "ಸಾಕ್ರೀ" ಅಂದಳು. ಕೊನೆಗೊಮ್ಮೆ ಕನ್ನಡಿಯಲ್ಲಿ ನೋಡಿದೆ. ಮಗಳು ಮುಖವನ್ನು ಕಿಟಕಿಗೆ ತಿರುಗಿಸಿ, ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅಳುತ್ತಿದ್ದಾಳೆಂದು ಗೊತ್ತಾಯಿತು. ಅಳಲಿ, ಬೈಸಿಕೊಳ್ಳದೆ ಯಾರಿಗೆ ಹಾಡು ಬಂದಿದೆ ಎಂದುಕೊಂಡೆ. ಹೀಗೆ ಅಂದುಕೊಂಡೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ಪುಣೆಗೆ ಮರಳಿದ ಎರಡು ವಾರಕ್ಕೆ ಅವಳು ಗಾಯನದ ಕ್ಲಾಸು ಬಿಟ್ಟಳು. ಶಾಲೆಯ ಅಭ್ಯಾಸ ಜಾಸ್ತಿಯಾಗಿದೆ ಅಂದಳು. ನಾನು ತಕ್ಷಣ ಒಪ್ಪಿದೆ. ತನ್ನ ಮಿತಿ ಹುಡುಗಿಗೆ ತಾನೇ ತಿಳಿಯಿತಲ್ಲ ಎಂದು ಒಳಗೊಳಗೆ ಸಮಾಧಾನವೂ ಆಯಿತು. ಅವಳ ಗುರುಗಳು, ಅರವತ್ತು ದಾಟಿದ ಮರಾಠಿ ಹೆಂಗಸು, ಮೂರು ಮಹಡಿ ಹತ್ತಿ ನಮ್ಮ ಮನೆಗೆ ಬಂದರು. ಇಷ್ಟು ಶುದ್ಧವಾದ ಸ್ವರ ತಮ್ಮ ಹತ್ತಿರ ಬೇರೆ ಯಾರದೂ ಇಲ್ಲ, ಯಾಕೆ ಬಿಡಿಸಿದಿರಿ ಎಂದರು. ಮೇಲಿನ ಸ್ವರಗಳಲ್ಲಿ ಅವಳ ದನಿ ನಿಲ್ಲುವುದಿಲ್ಲ ಎಂದು ನಾನು ಬಹಳ ವಿನಯದಿಂದ ವಿವರಿಸಿದೆ. ನೀವು ನಿಜವಾಗಿ ಕೇಳಿದ್ದೀರಾ ಎಂದು ಅವರು ಕೇಳಿದರು. ಚಹಾ ಅರ್ಧ ಕುಡಿದು ಎದ್ದು ಹೋದರು. ತಂಬೂರಿಯನ್ನು ಮಗಳು ತಾನೇ ಒಯ್ದು ಅವರ ಇನ್ನೊಬ್ಬ ಶಿಷ್ಯೆಗೆ ಕೊಟ್ಟು ಬಂದಳು.

ನಾನು ಮಾತ್ರ ಕಾರಿನ ಟೇಪನ್ನು ಬಿಡಲಿಲ್ಲ. ಸುಮಾರು ಎರಡು ವರ್ಷದ ಮೇಲೆ, ಹೊಸ ಸ್ಪೀಕರುಗಳೂ ಮಂಕಾದವು ಅನಿಸಿದಾಗ, ಮತ್ತೆ ಅದೇ ಅಂಗಡಿಗೆ ಹೋದೆ. ಸೀಟಿನ ಕೆಳಗೆ ಆಂಪ್ಲಿಫೈಯರ್, ಮುಂದಿನ ಗಾಜಿನ ಎರಡು ಮೂಲೆಗೆ ಟ್ವೀಟರ್ ಹಾಕಿಸಿದೆ. ಟ್ವೀಟರ್ ಅಂದರೆ ತೆಳ್ಳಗಿನ, ಮೇಲಿನ ಸ್ವರಗಳಿಗೆಂದೇ ಇರುವ, ರೂಪಾಯಿಯಷ್ಟಗಲದ ಸ್ಪೀಕರು. ಹೆಂಡತಿ ಜೊತೆಗಿದ್ದಳು. ಸೊಲ್ಲಾಪುರದವರು ಕೆಲಸ ಮುಗಿಸಿ ಹಾಡು ಹಚ್ಚಿದರು.

"ಈ ಸಣ್ಣವು ಚಾಲೂ ಇಲ್ಲ," ಅಂದೆ.

"ಚಾಲೂ ಅವ ಸಾಹೇಬ್ರ."

"ಇಲ್ಲಂತೀನಿ."

ಅವರು ಉಳಿದ ಸ್ಪೀಕರುಗಳ ವೈರುಗಳನ್ನೆಲ್ಲ ಕಿತ್ತರು. ಟ್ವೀಟರ್ ಎರಡನ್ನೇ ಉಳಿಸಿ ಮತ್ತೆ ಹಚ್ಚಿದರು. ಕಾರಿನಲ್ಲಿ ಏನೂ ಇಲ್ಲ. ಸಂಪೂರ್ಣ ಮೌನ. ನೋಡಿದಿರಾ ಎಂದು ಹೇಳಲು ತಿರುಗಿದೆ. ಹೆಂಡತಿ ಹುಬ್ಬು ಗಂಟಿಕ್ಕಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು.

"ಬಾಯಾರ, ನಿಮಗ ಕೇಳಸ್ತದನ್ರಿ?" ಎಂದು ಅವರು ಅವಳನ್ನು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಅವರು ಟೇಪು ಬಂದ್ ಮಾಡಿ, ಕಿತ್ತ ವೈರುಗಳನ್ನು ಮತ್ತೆ ಜೋಡಿಸಿ, ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ನನ್ನ ಎದುರಿಗೆ ಬಂದು ನಿಂತರು. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಟ್ರೆಬಲ್ ಪೂರಾ ತಿರುವಿದ್ದು ನಾ ಹಿಂದಕೂ ನೋಡಿದ್ದೆ. ಆವಾಗನ ಹೇಳಬೇಕಿತ್ತು. ಇದು ಟೇಪಿನ ಕೆಲಸಲ್ರಿ. ಒಮ್ಮೆ ಕಿವಿ ತೋರಸ್ರಿ."

ನನಗೆ ಸಿಟ್ಟು ಬಂತು. ಕಾರು ತೆಗೆದುಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಹೆಂಡತಿ ನನ್ನ ತೋಳು ಮುಟ್ಟಿ ಗಾಡಿ ನಿಲ್ಲಿಸಲು ಕೈ ಮಾಡಿದಳು. ನಿಲ್ಲಿಸಿದೆ. ಪೂರ್ತಿ ನನ್ನ ಕಡೆ ತಿರುಗಿ ಕೂತು ನಿಧಾನಕ್ಕೆ ಹೇಳಿದಳು.

"ಬೆನ್ನ ಹಿಂದ ನಿಂತು ಕರದ್ರ ನೀವು ಓ ಅನ್ನೂದಿಲ್ಲ. ಮೂರು ವರ್ಷಾತು."

"ಮತ್ತ ಯಾಕ ಹೇಳಲಿಲ್ಲ?"

"ಎಷ್ಟು ಸಲ ಹೇಳಿದೆ. ಟೇಪ್ ಛಲೋ ಅದ, ಮೈಕ್ ಛಲೋ ಇತ್ತು, ಹುಡಿಗಿ ಛಲೋ ಹಾಡ್ಯಾಳ ಅಂದೆ. ನೀವೆಲ್ಲಿ ಕೇಳತೀರಿ?"

ಇಷ್ಟು ದಿನ ಅವಳು ಏನು ಹೇಳುವುದಿದ್ದರೂ ಅಡುಗೆಮನೆಯಿಂದ ಎದ್ದು ಬಂದು ನನ್ನ ಎದುರಿಗೆ ನಿಂತು ಹೇಳುತ್ತಿದ್ದದ್ದು ಯಾಕೆ ಎಂಬುದು ಆಗ ತಿಳಿಯಿತು.

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ದನಿ ಕೇಳಿಸಿದಾಗ ಬೆರಳೆತ್ತಿ ಎಂದರು. ಬಹಳ ಹೊತ್ತು ನಾನು ಬೆರಳೆತ್ತದೆ ಕೂತಿದ್ದೆ. ಗಾಜಿನ ಆಚೆ ಅವರು ಗುಂಡಿ ಒತ್ತುತ್ತಲೇ ಇದ್ದರು. ಕೊಟ್ಟ ಕಾಗದದಲ್ಲಿ ಗೆರೆ ಎಡಗಡೆ ಮೇಲಿತ್ತು, ನಡುವಿನಿಂದ ಕೆಳಗೆ ಬಿದ್ದುಬಿಟ್ಟಿತ್ತು. ಪ್ರೆಸ್ ಶಾಪಿನಲ್ಲಿ ಎಷ್ಟು ವರ್ಷ ಎಂದು ಕೇಳಿದರು. ಮೊದಲು ಹೋಗುವುದು ಮೇಲಿನ ದನಿಗಳು, ಆಮೇಲೆ ಸ, ಶ, ತ, ಕ ತರಹದ ಅಕ್ಷರಗಳು ಅಂದರು. ಹಾಗಾಗಿ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಹೋದದ್ದು ಮರಳಿ ಬರುವುದಿಲ್ಲ. ಪ್ರೆಸ್ಸುಗಳ ಸದ್ದಿನಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದೆವು. ಅದೇ ರೂಢಿಯಿಂದ ಮನೆಯಲ್ಲೂ ನಡೆದುಹೋಗಿತ್ತು. ಕಾರು ಓಡಿಸುವಾಗ ರಸ್ತೆ ನೋಡಬೇಕು, ಯಾರ ಮುಖವೂ ಕಾಣುವುದಿಲ್ಲ. ಕ್ಯಾಸೆಟ್ಟಿಗಂತೂ ತುಟಿಯೇ ಇಲ್ಲ. ಅದಕ್ಕೇ ನನ್ನ ಕಿವುಡು ಕಾರಿನಲ್ಲೇ ಮೊದಲು ಹೊರಬಿತ್ತು. ನಾನು ಅದಕ್ಕೆ ಟೇಪು ಬದಲಾಯಿಸುತ್ತ ಹೋದೆ.

ಕಾರ್ಖಾನೆಯಲ್ಲಿ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ಹಳದಿ ಬೆಣೆಗಳನ್ನು ಕೊಟ್ಟಿದ್ದರು. ನನ್ನವು ಡ್ರಾಯರಿನಲ್ಲಿ ಪೊಟ್ಟಣ ಸಹಿತ ಹಾಗೇ ಇದ್ದವು. ಹಾಕಿಕೊಂಡವರನ್ನು, ಹೆಂಗಸರ ಹಾಗೆ ಕಿವಿಗೆ ಬೆಂಡೋಲಿ ಬಂದವು ನೋಡ್ರಿ ಎಂದು ನಾನೇ ನಗೆ ಮಾಡುತ್ತಿದ್ದೆ. ನನ್ನ ಕೈಕೆಳಗಿನ ಎಷ್ಟು ಜನ ನನ್ನ ನಗೆಗೆ ಅಂಜಿ ಅವನ್ನು ತೆಗೆದಿಟ್ಟರೋ ಗೊತ್ತಿಲ್ಲ.

ಡಾಕ್ಟರ ಹತ್ತಿರ ಹೋಗಿಬಂದ ದಿನ ಮಧ್ಯಾಹ್ನ ಮಗಳು ಕಾಲೇಜಿನಿಂದ ಬಂದು ಊಟಕ್ಕೆ ಕೂತಾಗ ಅವರು ಕೊಟ್ಟ ಕಾಗದವನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟೆ. "ನಿನ್ನ ಸ್ವರ ತಪ್ಪಿರಲಿಲ್ಲವ್ವಾ. ನನ್ನ ಕಿವಿ ಹೋಗ್ಯದ," ಅಂದೆ. ಅವಳು ಕಾಗದ ನೋಡಿದಳು. ಸಿಟ್ಟಿಗೆದ್ದು ನಾಲ್ಕು ಮಾತಾಡಿದ್ದರೆ ಒಳ್ಳೆಯದಿತ್ತು. "ಬಿಡಪ್ಪಾ," ಅಂದಳು.

"ಮತ್ತ ಕ್ಲಾಸಿಗೆ ಹೋಗು. ನಾ ಬಂದು ಗುರುಗಳ ಕಾಲಿಗೆ ಬೀಳ್ತೀನಿ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ನನಗೆ ಕಾಣುವ ಹಾಗೆ ಮುಖ ಎತ್ತಿ ಹೇಳಿದಳು: "ಆಗೂದಿಲ್ಲಪ್ಪಾ. ಮಾಡಿ ನೋಡೇನಿ, ಯಾರೂ ಇಲ್ಲದಾಗ. ಬಾಯಿ ತಗದ್ರ ಮೊದಲ ನಿನ್ನ ದನಿ ಬರ್ತದ. ಮುಟ್ಟಿಲ್ಲ ಅಂತದ. ಖರೇನ ಮುಟ್ಟೇನೋ ಇಲ್ಲೋ ನನಗ ಈಗ ತಿಳ್ಯಂಗೇ ಇಲ್ಲ."

ಕಿವಿಗೆ ಮಷೀನು ಬಂತು. ಮಾತಿಗೆ ಸ್ವಲ್ಪ ಸಹಾಯವಾಯಿತು. ಹಾಡಿಗೆ ಏನೂ ಆಗಲಿಲ್ಲ. ಒಂದು ದಿನ ಒಬ್ಬನೇ ಕಾರಿನಲ್ಲಿ ಕೂತು, ಮಷೀನು ಹಾಕಿಕೊಂಡು, ಮಗಳ ಕ್ಯಾಸೆಟ್ ಹಚ್ಚಿದೆ. ತಗಡಿನ ಮೇಲೆ ತಗಡು ಎಳೆದ ಹಾಗೆ ಕೇಳಿಸಿತು. ಕಣ್ಣು ಮುಚ್ಚಿ ಮೂರು ಸಲ ಕೇಳಿದೆ. ಅದು ಯಾರ ದನಿಯೂ ಆಗಿರಬಹುದಿತ್ತು. ಹೆಂಡತಿಯನ್ನು ಕೆಳಗೆ ಕರೆದು, ಪಕ್ಕದಲ್ಲಿ ಕೂರಿಸಿ ಮತ್ತೆ ಹಚ್ಚಿದೆ. ಅವಳ ಮುಖ ನೋಡುತ್ತ ಕೂತೆ.

"ತಾರ ಷಡ್ಜ?" ಅಂತ ಕೇಳಿದೆ.

"ಮುಟ್ಯಾಳ್ರೀ," ಅಂದಳು. ಅವಳ ಕಣ್ಣು ತುಂಬಿತ್ತು. "ಪೂರಾ ಮುಟ್ಯಾಳ."

ನನಗೆ ಸಿಕ್ಕ ಸಾಕ್ಷಿ ಅಷ್ಟೇ. ಹದಿನಾಲ್ಕನೇ ವಯಸ್ಸಿನಲ್ಲಿ ನನ್ನ ಮಗಳು ಹೇಗೆ ಹಾಡುತ್ತಿದ್ದಳೆಂದು ನನಗೆ ಎಂದಿಗೂ ತಿಳಿಯುವುದಿಲ್ಲ.

ಕೆಲವು ವರ್ಷಕ್ಕೆ ಕಾರು ಮಾರಿದೆವು. ನಾನು ಅವಧಿಗೆ ಮೊದಲೇ ಕೆಲಸ ಬಿಟ್ಟೆ. ಮಗಳು ಓದು ಮುಗಿಸಿ ಒಂದು ಬ್ಯಾಂಕಿಗೆ ಸೇರಿದಳು, ಮದುವೆಯಾಗಿ ವಾಕಡದಲ್ಲಿ ಮನೆ ಮಾಡಿದಳು. ನನ್ನ ಮೇಲೆ ಅವಳಿಗೆ ದ್ವೇಷವಿಲ್ಲ. ಹಬ್ಬಕ್ಕೆ ಬರುತ್ತಾಳೆ, ಮಷೀನಿನ ಸೆಲ್ಲು ನೆನಪಿಟ್ಟು ತರುತ್ತಾಳೆ, ನನ್ನ ಎದುರಿಗೆ ಕೂತು ತುಟಿ ಬಿಡಿಸಿ ಮಾತಾಡುತ್ತಾಳೆ. ಹಾಡಿನ ಸುದ್ದಿ ಮಾತ್ರ ನಾವು ಮೂವರೂ ತೆಗೆಯುವುದಿಲ್ಲ.

ಅವಳಿಗೆ ಹೆಣ್ಣುಮಗು ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ವಾಕಡಕ್ಕೆ ಹೋಗಿದ್ದೆವು. ನಾನು ಪೇಪರು ಹಿಡಿದು ಹೊರಗಿನ ಕೋಣೆಯಲ್ಲಿ ಕೂತಿದ್ದೆ. ಒಳಗಿನ ಬಾಗಿಲು ಅರ್ಧ ತೆರೆದಿತ್ತು. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಮುಖ ಆ ಕಡೆಗಿತ್ತು. ಕೆನ್ನೆ ಅಲುಗಾಡುವುದಷ್ಟೇ ಕಂಡಿತು. ನಿಧಾನಕ್ಕೆ, ಒಂದು ಲಯದಲ್ಲಿ ಅಲುಗಾಡುತ್ತಿತ್ತು. ನಾನು ಮಷೀನಿನ ದನಿ ಏರಿಸಿದೆ. ಫ್ಯಾನಿನ ಸದ್ದು ಮಾತ್ರ ದೊಡ್ಡದಾಯಿತು. ಎದ್ದು ಹತ್ತಿರ ಹೋದರೆ ಅವಳು ನಿಲ್ಲಿಸಿಬಿಡಬಹುದೆಂದು ಕೂತಲ್ಲೇ ಕೂತೆ.

ಮನೆಗೆ ಮರಳುವಾಗ ರಿಕ್ಷಾದಲ್ಲಿ ಹೆಂಡತಿಯನ್ನು ಕೇಳಿದೆ, "ಕೂಸಿನ ಮಲಗಸುವಾಗ ಆಕಿ ಹಾಡತಿದ್ಲೇನ?"

ಹೆಂಡತಿ ನನ್ನ ಕಡೆ ತಿರುಗಿದಳು. ಸುಳ್ಳು ಹೇಳಬೇಕೆಂದು ಅವಳಿಗೆ ಒಂದು ಕ್ಷಣ ಅನಿಸಿತೆಂದು ಕಾಣುತ್ತದೆ.

"ಇಲ್ರೀ," ಅಂದಳು. "ಸುಮ್ಮನ ಒಂದು ಎರಡು ಮೂರು ಅಂತ ಎಣಸತಿದ್ಲು. ದಿನಾ ಹಂಗ ಮಲಗಸ್ತಾಳ."