ನಕ್ಷೆಯಲ್ಲಿ ಖಾಲಿ ಬಿದ್ದ ನಾಲ್ಕು ತಾಲ್ಲೂಕು

ಮಧುಗಿರಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯ ಕಿಟಕಿ ತೆಗೆದ ಮೊದಲ ಬೆಳಗ್ಗೆ ನನಗೆ ಆಕಾಶವೇ ಕಾಣಲಿಲ್ಲ. ಎದುರಿಗೆ ಬರೀ ಬಂಡೆ. ಕತ್ತು ಎತ್ತಿದಷ್ಟೂ ಬಂಡೆ. ನಿಮ್ಮ ಹಾಗೆಯೇ ಗದಗಿನ ಎರೆಹೊಲಗಳ ನಡುವೆ ಬೆಳೆದವಳು ನಾನು. ನಮ್ಮಲ್ಲಿ ಆಕಾಶ ಹೊಲದ ಬದುವಿನಿಂದಲೇ ಶುರುವಾಗುತ್ತದೆ. ಕಿಟಕಿ ಮುಚ್ಚಿ, ಬೆಂಗಳೂರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ.

ಹೋಗುವಂತಿರಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆ ಈ ಎಂಬತ್ತರ ದಶಕದಲ್ಲಿ ತನ್ನ ಕ್ಯಾನ್ಸರ್ ರೋಗಿಗಳ ವಿವರಗಳನ್ನು ಕಂಪ್ಯೂಟರಿಗೆ ಹಾಕತೊಡಗಿದೆ. ಸಂಖ್ಯಾಶಾಸ್ತ್ರ ಓದಿದ ನನಗೆ ಅಲ್ಲಿ ಕೆಲಸ. ಜನಗಣತಿ, ತಂಬಾಕು ಹಾಕುವವರ ಸಮೀಕ್ಷೆ, ರೋಗಿಗಳ ಕಾರ್ಡು, ಮೂರನ್ನೂ ಕೂಡಿಸಿ ಯಾವ ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ಬಾಯಿಯ ಕ್ಯಾನ್ಸರ್ ಇರಬಹುದೆಂದು ಯಂತ್ರ ಅಂದಾಜು ಹೇಳುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಬಹಳ ಜನ ಇರಬೇಕು ಎಂದು ಅದು ಹೇಳಿತು. ಆಸ್ಪತ್ರೆಯ ಕಾರ್ಡುಗಳನ್ನು ನೋಡಿದರೆ ಈ ಕಡೆಯಿಂದ ಬಂದವರೇ ಇಲ್ಲ ಎನ್ನುವಷ್ಟು ಕಡಿಮೆ. ಗೋಡೆಯ ಮೇಲಿನ ನಕ್ಷೆಯಲ್ಲಿ ನಾಲ್ಕೂ ತಾಲ್ಲೂಕು ಖಾಲಿ.

"ಅಂದಾಜೇ ತಪ್ಪಿರಬೇಕು. ಹಾಗಿದ್ದರೆ ಅಲ್ಲಿಗೆಂದು ಇಟ್ಟುಕೊಂಡಿರುವ ಬಾಯಿ ತಪಾಸಣೆಯ ಶಿಬಿರವನ್ನು ಬೇರೆ ಜಿಲ್ಲೆಗೆ ಕೊಡೋಣ. ನೀವು ಹೋಗಿ ನೋಡಿ ಬನ್ನಿ," ಎಂದರು ನಮ್ಮ ಡಾಕ್ಟರು.

ತಿರುಗಿದೆ. ಕಾಲಿಗೂ ನೆಮ್ಮದಿ ಇಲ್ಲ, ಮನಸ್ಸಿಗೂ ಇಲ್ಲ. ಪಾವಗಡದ ಕಡೆ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಜಲ್ದಿ ಹತ್ತಮ್ಮ" ಎಂದು ಗದರುತ್ತಿದ್ದ. ನನ್ನ "ಹೌದ್ರಿ, ಇಲ್ರಿ" ಕೇಳಿ ಕೊಳಾಲದ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು; ಬಾಯಿ ತೋರಿಸಿ ಎಂದರೆ ಮಾತ್ರ ಸೆರಗು ಅಡ್ಡ ಬರುತ್ತಿತ್ತು. ತಿಂಗಳುಗಳು ಉರುಳಿದವು. ಅಂದಾಜು ಸರಿಯೋ ತಪ್ಪೋ ಎಂದು ಹೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಊಟ ಮನೆಯೊಡತಿ ಪುಟ್ಟತಾಯಮ್ಮನವರ ಕೈಯದು. ಗಂಡ ತೀರಿಕೊಂಡ ಮೇಲೆ ಮಗಳು ಭಾಗ್ಯಳೊಂದಿಗೆ ಇರುವವರು. ನಮ್ಮ ಜೋಳದ ರೊಟ್ಟಿ ಅಗಿದಷ್ಟೂ ರುಚಿ. ಇಲ್ಲಿನ ರಾಗಿಮುದ್ದೆಯನ್ನು ಅಗಿದರೆ ಮರ್ಯಾದೆ ಹೋಗುತ್ತದೆ.

"ಅಗೀಬೇಡ ಕಣಮ್ಮ, ಬಸ್ಸಾರಲ್ಲಿ ಅದ್ದಿ ನುಂಗು. ಹಲ್ಲಿಗೇನು ಕೆಲ್ಸ ಇದ್ರಲ್ಲಿ?" ಎಂದು ಅವರು ಛೇಡಿಸುತ್ತಿದ್ದರು. ಬಸ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು. ನುಂಗುವುದನ್ನು ಕಲಿತ ದಿನ ಪರೀಕ್ಷೆ ಪಾಸಾದಷ್ಟು ಹಿಗ್ಗಿದೆ. ಆದರೆ ಎದುರಿಗೆ ಕೂತ ಪುಟ್ಟತಾಯಮ್ಮನವರೇ ಅಂದು ಮುದ್ದೆ ನುಂಗಲಾಗದೆ ಮುಖ ಕಿವಿಚಿದರು. ಬಲವಂತ ಮಾಡಿ ಬಾಯಿ ನೋಡಿದೆ. ಹೊಗೆಸೊಪ್ಪು, ಅಂದರೆ ನಮ್ಮ ತಂಬಾಕು, ಒತ್ತಿಡುವ ಕೆನ್ನೆಯ ಒಳಗೆ ಹುಣ್ಣಾಗಿತ್ತು.

ಬೆಂಗಳೂರಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಗುಮಾಸ್ತ ವಿಳಾಸ ಕೇಳಿದ. ಪುಟ್ಟತಾಯಮ್ಮ ಒಂದಿಷ್ಟೂ ತಡವರಿಸದೆ ಬೆಂಗಳೂರಿನದೇ ಶ್ರೀರಾಮಪುರದಲ್ಲಿರುವ ತಂಗಿಯ ಮನೆಯ ವಿಳಾಸ ಹೇಳಿದರು. ನಮ್ಮ ಬಸ್ಸಿಗೇ ಕೊರಟಗೆರೆಯಲ್ಲಿ ಹತ್ತಿದ್ದ ಮುದುಕರೊಬ್ಬರು ಹಿಂದೆಯೇ ನಿಂತಿದ್ದರು. ಅವರು ರಾಜಾಜಿನಗರ ಎಂದರು.

ವಾಪಸು ಬರುವಾಗ ಕೇಳಿದೆ, "ಯಾಕ್ರಿ ಅಮ್ಮಾರ, ಸುಳ್ಳು ಹೇಳಿದ್ರಿ?"

"ತಂಗಿ ಮನೆ ಅಂದ್ರೆ ನನ್ನ ಮನೆ ಅಲ್ವಾ? ಆಸ್ಪತ್ರೆಯಿಂದ ಕಾರ್ಡ್ ಬತ್ತದೆ ಕಣಮ್ಮ. ಪೋಸ್ಟಿನೋನು ಬೀದೀಲೇ ಓದ್ಬುಟ್ಟು ಕೊಡ್ತಾನೆ. ಭಾಗ್ಯನ್ನ ನೋಡೋಕೆ ಗಂಡಿನೋರು ಬರೋರವ್ರೆ. ತಾಯಿಗೆ ಇಂಥಾ ಕಾಯ್ಲೆ ಅಂತ ಗೊತ್ತಾದ್ರೆ ನಮ್ಮ ಹೊಸ್ಲು ತುಳೀತಾರಾ?"

ಯಂತ್ರದ ಅಂದಾಜು ಸರಿಯಾಗಿಯೇ ಇತ್ತು. ನಮ್ಮ ರೋಗಿಗಳೆಲ್ಲ ಬೆಂಗಳೂರಿನವರಾಗಿ ಎಣಿಕೆಯಾಗುತ್ತಿದ್ದರು. 'ನಮ್ಮ' ಎಂದು ಬರೆದುಬಿಟ್ಟೆ ನೋಡಿ. ಊರು ಮುಚ್ಚಿಟ್ಟರೆ ಶಿಬಿರ ಹೋಗುತ್ತದೆ, ಹೇಳಿದರೆ ಭಾಗ್ಯಳ ಸಂಬಂಧ ಹೋಗುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಮ್ಮ ಡಾಕ್ಟರಿಗೆ ಎಲ್ಲ ಹೇಳಿದೆ.

"ಒಬ್ಬರಿಗೆ ಒಂದೇ ವಿಳಾಸ, ಕಾರ್ಡಿನಲ್ಲಿ ಇರುವ ಜಾಗವೇ ಅಷ್ಟು," ಎಂದರು ಡಾಕ್ಟರು.

"ಕಾಗದ ಕಳಿಸುವ ವಿಳಾಸ ಹಾಗೇ ಇರಲಿ ಸರ್. ಕಳೆದ ಒಂದು ವರ್ಷ ಮಲಗಿದ್ದು ಯಾವ ಊರಲ್ಲಿ ಅಂತ ಬೇರೆಯಾಗಿ ಕೇಳೋಣ. ಯಂತ್ರಕ್ಕೆ ಅದನ್ನೇ ಕೊಡೋಣ," ಎಂದು ಹೋದಾಗಲೆಲ್ಲ ಕಾಡಿದೆ. ಕೊನೆಗೆ ಒಪ್ಪಿದರು. ಆದರೆ ಜನ ಹೇಳಬೇಕಲ್ಲ?

ಪುಟ್ಟತಾಯಮ್ಮನವರಿಗೆ ಕರೆಂಟು ಕೊಡಿಸುವುದು ಶುರುವಾಗಿತ್ತು. ವಿಕಿರಣ ಚಿಕಿತ್ಸೆಗೆ ಇಲ್ಲಿಯವರು ಹಾಗೆನ್ನುತ್ತಾರೆ. ಗಂಡಿನವರು ಭಾಗ್ಯಳನ್ನು ಒಪ್ಪಿ ಹೋಗಿದ್ದರು, ಮದುವೆ ಇನ್ನೂ ಆಗಿರಲಿಲ್ಲ. "ಕಾಗದ ನಿಮ್ಮ ತಂಗಿ ಮನೀಗೇ ಬರ್ತದ್ರಿ" ಎಂದು ದಾರಿಯುದ್ದಕ್ಕೂ ಹೇಳಿದೆ. "ನೋಡಾನ ಬುಡು" ಎಂದರಷ್ಟೆ.

ಗುಮಾಸ್ತ ಹೊಸ ಪ್ರಶ್ನೆ ಕೇಳಿದ. ಅವರು ಹಿಂದೆ ತಿರುಗಿ ಸಾಲಿನಲ್ಲಿ ಗುರುತಿನವರು ಇದ್ದಾರೋ ಎಂದು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ "ಮಧುಗಿರಿ" ಎಂದರು. ನನಗೆ ಅಳು ಬಂತು. ಹೀಗೆ ಒಬ್ಬೊಬ್ಬರೇ ಹೇಳಿ ನಕ್ಷೆ ತುಂಬಿದ್ದು, ಶಿಬಿರ ಉಳಿದದ್ದು ಆಮೇಲಿನ ಮಾತು. ಆ ಹೊತ್ತಿಗೆ ಗುಮಾಸ್ತ ನನ್ನ ಕಡೆ ನೋಡಿದ. "ಜೊತೆಗೆ ಬಂದೋರದು ಯಾವೂರು?"

"ಗದಗ್ರಿ."

ಪುಟ್ಟತಾಯಮ್ಮ ನನ್ನತ್ತ ತಿರುಗಿದರು. "ನನ್ ಕೈಲಿ ನಿಜ ಹೇಳಿಸ್ಬುಟ್ಟು ನೀನು ಸುಳ್ಳು ಹೇಳ್ತೀಯಲ್ಲಮ್ಮ? ಗದಗ ನೀನು ಕಾಗದ ಬರೆಯೋ ಊರು. ವರ್ಷದಿಂದ ಮಲಗ್ತಿರೋದು ನಮ್ಮನೇಲಿ. ಮಧುಗಿರಿ ಅಂತ ಬರ್ಕೊಳಿ ಸ್ವಾಮಿ."

ಗುಮಾಸ್ತ ಬರೆದುಕೊಂಡ. ನಾನು ತಿದ್ದಿಸಲಿಲ್ಲ. ನಾನು ಯಾವ ಊರಿನವಳೆಂದು ಹೇಳಲಾಗದೆ ಅಂದಿನಿಂದ ಒದ್ದಾಡುತ್ತಿದ್ದೇನೆ, ಗದಗಿನವರಾದ ನಿಮಗೇ ಇದನ್ನು ಬರೆಯುತ್ತಾ.