ಕುಣಿಗಲ್ ಸೇರಿಸಿಕೊಂಡ ಹೆಸರು

ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ಕಾಂತೇಶ, ಬಿಡುವಾದಾಗ ಹಾವು ಹಿಡಿಯುತ್ತಾನೆ. ನಾಗರಹಾವು ಹೆಡೆಯೆತ್ತಿದರೂ ಬೆದರದ ಆಸಾಮಿ, ಈಗ ಫೋನ್ ರಿಂಗಾದರೆ ಬೆವರುತ್ತಾನೆ. ಹೋದ ಬೇಸಿಗೆಯ ಒಂದು ಮಧ್ಯಾಹ್ನದಿಂದ ಹೀಗಾಗಿದೆ.

ಅವನಿಗೆ ವೆಬ್‌ಸೈಟ್ ಮಾಡಿಕೊಟ್ಟವನು ಗೆಳೆಯ ಅಶ್ವಥ್. "ಕಾಂತೇಶ್ ಅಂತ ಹೆಸರಿಟ್ರೆ ಯಾವನ್ಲಾ ಹುಡುಕ್ತಾನೆ? ಜನ ಗೂಗಲಲ್ಲಿ ಏನ್ ಹೊಡೀತಾರೋ ಅದೇ ಹೆಸರಲ್ಲಿರ್ಬೇಕು ಕಣೋ" ಎಂದು ಉಪದೇಶ ಮಾಡಿ, ಊರುಗಳನ್ನೆಲ್ಲ ಪೋಣಿಸಿ, 'ತುಮಕೂರು ಗುಬ್ಬಿ ಕುಣಿಗಲ್ ಸ್ನೇಕ್ ಕ್ಯಾಚರ್ ಡಾಟ್ ಕಾಮ್' ಎಂಬ ಮಾರುದ್ದದ ಹೆಸರು ಕೊಡಿಸಿದ. ಕುಣಿಗಲ್ ಕಡೆ ಕಾಂತೇಶ ಒಂದು ಕೇರೆಹಾವನ್ನೂ ಹಿಡಿದವನಲ್ಲ.

"ಇರ್ಲಿ ಬುಡು, ಹೆಸ್ರಿದ್ರೆ ಏನ್ ನಷ್ಟ?" ಎಂದ ಅಶ್ವಥ್.

ಕೆಲವೇ ತಿಂಗಳಲ್ಲಿ ಮೂರೂ ಊರಿನಲ್ಲಿ ಯಾರು ಹುಡುಕಿದರೂ ಇವನ ಹೆಸರೇ ಮೇಲೆ ಬರತೊಡಗಿತು. ನಮ್ಮ ಕಾಂತೇಶ ಬೀಗಿದ್ದೇ ಬೀಗಿದ್ದು.

ಆ ಮಧ್ಯಾಹ್ನ ಅವನು ಚೇಳೂರಿನ ತೋಟವೊಂದರಲ್ಲಿ ತೆಂಗಿನಕಾಯಿ ರಾಶಿಯಿಂದ ಹಾವು ಹಿಡಿದು ಚೀಲಕ್ಕಿಳಿಸಿದ್ದ. ಫೋನ್ ಬಂತು.

"ಅಣ್ಣಾ, ನಾಗರಹಾವು! ಮಗು ಮಲಗಿರೋ ರೂಮಲ್ಲಿ!" ಹೆಂಗಸೊಬ್ಬಳು ಕೂಗಿದಳು.

ನಮ್ಮ ಕಡೆ ಪ್ಲಂಬರ್‌ನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರೂ ಹೇಳುವುದನ್ನೇ ಅವನೂ ಊರು ಕೇಳದೆ ಹೇಳಿಬಿಟ್ಟ. "ಬಂದೆ ಕಣಮ್ಮಾ, ಇಲ್ಲೇ ಇದೀನಿ. ಲೊಕೇಶನ್ ಕಳ್ಸಿ."

ಬೈಕ್ ಹತ್ತಿ ಲೊಕೇಶನ್ ನೋಡಿದರೆ ಕುಣಿಗಲ್. ಎಷ್ಟು ಓಡಿಸಿದರೂ ಎರಡು ಗಂಟೆಯ ದಾರಿ. ತಿರುಗಿ ಫೋನ್ ಮಾಡಿದ.

"ಬಂದ್ರಾ ಅಣ್ಣಾ? ನೀವ್ ಬರ್ತೀರಾ ಅಂತ ಬಾಗಿಲಲ್ಲೇ ನಿಂತಿದೀನಿ. ಮನೇಲಿ ಯಾರೂ ಇಲ್ಲ" ಎಂದಳು ಇಂಪನಾ ಎಂಬ ಆ ತಾಯಿ.

"ನಾನು ಚೇಳೂರಲ್ಲಿದೀನಮ್ಮಾ."

ಹಾವೆಲ್ಲಿ, ಮಗು ಎಲ್ಲಿ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ. ಹಾವು ಮೂಲೆಯ ರಾಗಿ ಮೂಟೆಯ ಪಕ್ಕದಲ್ಲಿತ್ತು, ತೊಟ್ಟಿಲು ಕಿಟಕಿಯ ಹತ್ತಿರ. ಕಾಯುವಂತಿರಲಿಲ್ಲ.

"ಕಿಟಕಿ ಕಡೆ ಗೋಡೆ ಹಿಡ್ಕೊಂಡು ಹೋಗಿ. ಹೆಜ್ಜೆ ಸದ್ದಾಗ್ಬಾರ್ದು. ಮಗೂನ ಎತ್ಕೊಂಡು ಹಂಗೇ ಹಿಂದಕ್ಕೆ ಬನ್ನಿ."

"ನಂಗಾಗಲ್ಲ ಅಣ್ಣಾ..."

"ಆಗುತ್ತಮ್ಮಾ, ಹೋಗಿ."

ಕಾಲ್ಗೆಜ್ಜೆಯ ಸಣ್ಣ ಸದ್ದು ಕೇಳಿಸಿತು. ಆಮೇಲೆ ಬುಸ್ಸೆಂದದ್ದು ಫೋನಿನಲ್ಲೂ ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಏನೂ ಇಲ್ಲ. ಕಾಂತೇಶ ರಸ್ತೆ ಬದಿಯಲ್ಲೇ ಕೂತುಬಿಟ್ಟ. ತಾನು ಯಾರದೋ ಮಗುವನ್ನು ಕೊಂದುಬಿಟ್ಟೆ ಅನ್ನಿಸಿತು. ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ಬಾಗಿಲು ಧಡಾರನೆ ಮುಚ್ಚಿಕೊಂಡಿತು.

"ಎತ್ಕೊಂಡೆ" ಎಂದವಳೇ ಅವಳು ಅಳತೊಡಗಿದಳು. ಇವನೂ ಅತ್ತ.

ಸಂಜೆ ಅವಳೇ ಫೋನ್ ಮಾಡಿ, ಹಾವು ಹಿಡಿದಾಯಿತೆಂದಳು.

"ಯಾರಮ್ಮಾ ಬಂದಿದ್ರು?"

"ವೆಂಕಟರಂಗಯ್ಯ ಅಂತ, ಅವ್ರೂ ಹಾವು ಹಿಡಿಯೋರು, ನಮ್ಮ ಹಿಂದಿನ ಬೀದಿಯವ್ರೇ. ಕೂಗಿದ್ರೆ ಕೇಳ್ಸೋ ಅಷ್ಟು ಹತ್ರ. ನಾವು ಈ ಊರಿಗೆ ಹೊಸಬ್ರು, ನಂಗೆ ಗೊತ್ತಿರ್ಲಿಲ್ಲ. ಗೂಗಲಲ್ಲಿ ನೋಡ್ದೆ. ಅಲ್ಲಿ ನೀವೇ ಮೊದಲಿದ್ರಿ ಅಣ್ಣಾ."