ಜ್ವರದಲ್ಲಿ ಕೇಳಿದ ದನಿ

ಇದು ನಿಜವಾಗಿ ನಡೆದದ್ದೋ ಜ್ವರದಲ್ಲಿ ನಾನೇ ಕಟ್ಟಿಕೊಂಡದ್ದೋ, ಖಾತ್ರಿಯಾಗಿ ಹೇಳಲಾರೆ. ಹೋದ ವರ್ಷ ಬೇಸಿಗೆಯಲ್ಲಿ ನೆಮ್ಮಾರಿನ ನಮ್ಮ ಮನೆಗೆ ಹೋಗಿದ್ದಾಗ ಮಂಗನ ಕಾಯಿಲೆ ಹತ್ತಿ ಕೊಪ್ಪದಲ್ಲಿ ಆಸ್ಪತ್ರೆ ಸೇರಿದ್ದೆ. ಮರುದಿನ ಮಧ್ಯಾಹ್ನ ಜ್ವರ ವಿಪರೀತ ಏರಿತು. ತಲೆ ಸಿಡಿದುಹೋಗುತ್ತಿತ್ತು. ಇನ್ನು ಬದುಕುವುದಿಲ್ಲ ಎಂದುಕೊಂಡೆ. ಆಗ ಯಾರೋ ಹಣೆಗೆ ಒದ್ದೆ ಬಟ್ಟೆ ಹಾಕಿ, ನನ್ನ ಕೈ ಹಿಡಿದು, ಮನೆಯಲ್ಲಿ ಕರೆಯುವ ಹಾಗೆಯೇ, "ಮಾಣಿ, ಎಂತೂ ಆಗ್ತಿಲ್ಲೆ, ಕಣ್ಮುಚ್ಚು" ಎಂದರು. ಆ ಕೈಗೆ ಸ್ಪಿರಿಟ್ಟಿನ ವಾಸನೆಯಿತ್ತು. ನಾನು ನಿದ್ದೆ ಹೋದೆ.

ಅದು ವಾರ್ಡಿನ ಸಿಸ್ಟರ್ ಎಂದೇ ನಂಬಿದ್ದೆ. ಮನೆಗೆ ಬಂದ ಮೇಲೆ ಹಾಗೆಂದಾಗ ಅಮ್ಮ, ಕರೆದದ್ದು ತಾನೇ ಎಂದು ನಕ್ಕುಬಿಟ್ಟಳು.

"ಅವು ಬಯಲುಸೀಮೆಯವು. ಅವಕ್ಕೆ ನಮ್ಮ ಮಾತು ಎಲ್ಲಿ ಬತ್ತು? ಮಾಣಿ ಹೇಳಿ ಕರದ್ದು ಆನೇ. ನಿನ್ನ ಬಿಟ್ಟು ಎಲ್ಲಿಗೂ ಹೋಯ್ದಿಲ್ಲೆ."

ಬೇರೆಯವರ ನೆನಪುಗಳನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯದ ಇತಿಹಾಸದ ಪಾಠ ನನಗೆ ಚೆನ್ನಾಗಿಯೇ ಕಲಿಸಿತ್ತು. ನನ್ನದನ್ನು ಮಾತ್ರ ಅನುಮಾನಿಸದೆ ಹೇಗೆ ಬಿಡಲಿ? ಆದರೂ ಆ ದನಿ ಅಮ್ಮನದಾಗಿ ಕೇಳಿಸಲಿಲ್ಲ, ಎಷ್ಟು ಪ್ರಯತ್ನಪಟ್ಟರೂ.

ಈ ವರ್ಷ ಮಳೆ ಹಿಡಿಯುವ ಮೊದಲು, ಸಿಸ್ಟರಿಗೆ ಎನ್.ಆರ್.ಪುರಕ್ಕೆ ವರ್ಗವಾಗಿದೆ ಎಂದು ತಿಳಿಯಿತು. ನೋಡಿ ಬರುತ್ತೇನೆ ಎಂದಾಗ ಅಮ್ಮನೇ ಡೇರೆ ಹೂವಿನ ಗಡ್ಡೆಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟಳು. ಜೇನುತುಪ್ಪ, ತೆಂಗಿನಕಾಯಿ ಯಾರು ತಂದರೂ ಆ ಸಿಸ್ಟರ್ ವಾಪಸು ಕಳಿಸುತ್ತಿದ್ದರಂತೆ; ಹೂವಿನ ಗಿಡಕ್ಕೆ ಮಾತ್ರ ಬೇಡ ಎನ್ನುತ್ತಿರಲಿಲ್ಲವಂತೆ.

ನಾನು ಹೋದಾಗ ಅವರು ಬಾಳೆಹೊನ್ನೂರು ಕಡೆಯ ಒಬ್ಬ ಅಜ್ಜಿಯ ಕಾಲಿನ ಗಾಯಕ್ಕೆ ಬ್ಯಾಂಡೇಜು ಕಟ್ಟುತ್ತಿದ್ದರು.

"ಇವ್ರ ಕೈ ಅಂದ್ರೆ ಹೂವು ಕಣೋ ಮಾರಾಯ," ಎಂದರು ಅಜ್ಜಿ ನನಗೆ. "ಬಾಯಿ ಮಾತ್ರ ಸೂಜಿಮೆಣಸು."

"ಸಕ್ಕರಿ ಬಿಡ್ರಿ ಅಂದ್ರ ಬಾಯಿ ಮೆಣಸಾಗತೈತಿ ನೋಡ್ರಿ," ಎಂದು ಸಿಸ್ಟರ್ ನನ್ನತ್ತ ತಿರುಗಿದರು. "ನೀವು ಶೃಂಗೇರಿ ಹಾವು ಕಡದವ್ರಲ್ಲ?"

ಅಲ್ಲ, ಮಂಗನ ಕಾಯಿಲೆಯವನು ಎಂದೆ. ಅವರ ಮುಖದಲ್ಲಿ ಗುರುತಿನ ಸುಳಿವೂ ಕಾಣಲಿಲ್ಲ. ಗಡ್ಡೆಗಳನ್ನು ಕಂಡು ಮಾತ್ರ ಕಣ್ಣರಳಿತು. ಹಿಂದಿನ ಕ್ವಾರ್ಟರ್ಸಿಗೆ ಕರೆದೊಯ್ದು, ಮರಳು ತುಂಬಿದ ಬುಟ್ಟಿಯಿಂದ ಇನ್ನೊಂದು ಗಡ್ಡೆ ಹೆಕ್ಕಿ ನನ್ನ ಕೈಗಿಟ್ಟರು.

"ಡೇರೆ ತಗೊಂಡ್ರ ಬ್ಯಾರೆ ಬಣ್ಣದ್ದು ತಿರುಗಿ ಕೊಡಬೇಕಂತಲ್ರಿ ನಿಮ್ಮ ಕಡೆ. ಇದು ಹಳದಿ. ಅಮ್ಮಾರಿಗೆ ಕೊಡ್ರಿ."

ನಮ್ಮ ಹೆಂಗಸರ ಈ ಪದ್ಧತಿ ಅವರಿಗೆ ಯಾರು ಹೇಳಿಕೊಟ್ಟರೋ! ಧೈರ್ಯ ಮಾಡಿ ಕೇಳಿಯೇಬಿಟ್ಟೆ: ಆ ಮಧ್ಯಾಹ್ನ ನನ್ನನ್ನು ಮಾಣಿ ಎಂದವರು ನೀವೇನಾ?

ಅವರು ಬುಟ್ಟಿಯ ಮರಳನ್ನು ಸರಿಮಾಡಿದರು. "ನಿಮ್ಮ ಭಾಷಿ ನನಗ ಬರೂದಿಲ್ರಿ. ಆದ್ರ ಪೇಷಂಟಿನ ಮನಿಯವ್ರು ಹೆಂಗ ಕರೀತಾರೋ ಹಂಗ ಕರದ್ರ ಲಗೂನ ಸಮಾಧಾನ ಆಗ್ತಾರ. ಕರದಿರಬೇಕು. ಇಲ್ಲಾಂದ್ರ ಇಲ್ಲ. ಖರೇನ ನೆನಪಿಲ್ಲ."

ಕೃತಜ್ಞತೆ ಹೇಳಲೆಂದೇ ಬಸ್ಸು ಬದಲಾಯಿಸಿ ಅಷ್ಟು ದೂರ ಬಂದಿದ್ದೆ. ಈಗ ಯಾವುದಕ್ಕೆಂದು ಹೇಳುವುದು? ಅಂತೂ ಏನೋ ತೊದಲಿದೆ. "ಹುಷಾರಾದ್ರಲ್ಲ, ಆತು ಬಿಡ್ರಿ," ಎಂದು ಅವರು ವಾರ್ಡಿಗೆ ನಡೆದರು.

ಹಿಂದಿರುಗುವಾಗ ಬಸ್ಸಿನಲ್ಲಿ ತಲೆಯೆಲ್ಲ ಕಲಸಿಹೋಗಿತ್ತು. ದನಿ ಅಮ್ಮನದಾಗಿದ್ದರೆ, ಅವಳಿಗೆ ಸಲ್ಲಬೇಕಾದ್ದನ್ನು ಒಂದು ವರ್ಷ ಬೇರೆಯವರಿಗೆ ಸಲ್ಲಿಸಿದ್ದೇನೆ. ಸಿಸ್ಟರದಾಗಿದ್ದರೆ, ಅಮ್ಮ ತನ್ನದೆಂದು ಹಿಡಿದುಕೊಂಡಿರುವ ಒಂದು ಮಧ್ಯಾಹ್ನವನ್ನು ನಾನು ಕಸಿಯಬೇಕಾಗುತ್ತದೆ. ಇಬ್ಬರದೂ ಅಲ್ಲದೆ ಬರಿಯ ಜ್ವರದ್ದಾಗಿದ್ದರೂ ಆಗಬಹುದು. ಅಮ್ಮ ಹಳದಿ ಗಡ್ಡೆಯನ್ನು ಸಂತೋಷದಿಂದ ತೆಗೆದುಕೊಂಡಳು. "ಎಂತ ಹೇಳಿದ್ದು ಅವು?" ಎಂದು ಕೇಳಿದಳು. ನೆನಪಿಲ್ಲವಂತೆ ಎಂದೆ. ಅದು ಸುಳ್ಳಂತೂ ಆಗಿರಲಿಲ್ಲ.

ಆಮೇಲೆ ಒಂದೇ ಒಂದು ಸಂಗತಿಯನ್ನು ಪರೀಕ್ಷಿಸಿ ಖಚಿತ ಮಾಡಿಕೊಂಡೆ. ಅಕ್ಕನ ಫೋನಿನಲ್ಲಿ ಆ ಮಧ್ಯಾಹ್ನ ತೆಗೆದ ಅಮ್ಮನ ಫೋಟೋ, ಹೊತ್ತಿನ ಸಮೇತ, ಇದೆ. ಅಂದು ಮನೆಗೆ ಬಂದಿದ್ದ ದನದ ಡಾಕ್ಟರನ್ನೂ ವಿಚಾರಿಸಿದೆ. ನನ್ನ ಜ್ವರ ಏರಿದ್ದ ಹೊತ್ತಿನಲ್ಲಿ ಅಮ್ಮ ಕೊಪ್ಪದಲ್ಲಿರಲಿಲ್ಲ. ನೆಮ್ಮಾರಿನ ಕೊಟ್ಟಿಗೆಯಲ್ಲಿ, ಕರು ಹಾಕಲು ಕಷ್ಟಪಡುತ್ತಿದ್ದ ಹಸುವಿನ ಪಕ್ಕ ಕೂತಿದ್ದಳು.